ಗಾಳಿ ಕಮ್ಮಿ ಇದ್ದಾಗ...

ಬರೆಯದೆ ತಿಂಗಳುಗಳೇ ಆದವು, ಸೋಮಾರಿತನಕ್ಕೆ ಕ್ಷಮೆ ಇರಲಿ. ಈ ಸಲ ಊರಿಗೆ ಹೋದಾಗ ಆದದ್ದನ್ನು ಮಾತ್ರ ಹೇಳಲೇಬೇಕು ಅನ್ನಿಸಿತು.

ನಾನು ಕೊಪ್ಪದ ಹುಡುಗ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಪುರಿ ಹಾಕಿದ್ದು ಬಿಟ್ಟರೆ ನೀರಿನ ಸಹವಾಸ ಇರಲಿಲ್ಲ. ಕೆಲಸದ ಮೇಲೆ ಎರಡು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದಾಗ ವಿಂಗ್ ಫಾಯ್ಲಿಂಗ್ ಹುಚ್ಚು ಹತ್ತಿತು. ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ, ಕಾಲಡಿ ಹಲಗೆ, ಹಲಗೆಯ ಕೆಳಗೆ 85 ಸೆಂ.ಮೀ. ಕಂಬ, ಅದರ ತುದಿಗೆ ಪುಟ್ಟ ವಿಮಾನದಂಥ ಫಾಯಿಲ್. ವೇಗ ಬಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತೆ. ಆಗ ಸದ್ದೇ ಇರೋಲ್ಲ!

ಅಲಮೇಡಾ ತೀರದಲ್ಲಿ ಬೇಸಿಗೆಯಿಡೀ ಒಳ್ಳೆ ಗಾಳಿ. ಅಕ್ಟೋಬರ್ ಬಂತೋ, ಬಿತ್ತು. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ. 16 ನಾಟ್ ಇದ್ದದ್ದು 8 ಆದರೆ ಬಲ ಕಾಲು ಭಾಗ ಮಾತ್ರ. ಇಂಜಿನಿಯರ್ ಬುದ್ಧಿ ನೋಡಿ, 5 ಚದರ ಮೀಟರ್ ರೆಕ್ಕೆ ಬದಲು 7ರದ್ದು ಕೊಂಡೆ. ನನ್ನ 84 ಕೆ.ಜಿ. ಆದರೂ ಏಳಲಿಲ್ಲ :( ಪಕ್ಕದಲ್ಲೇ ಒಬ್ಬ ಮುದುಕ ಚಿಕ್ಕ ರೆಕ್ಕೆ ಹಿಡಿದು ಹಾರುತ್ತಿದ್ದ. ಅವನ ಫಾಯಿಲ್ ದೊಡ್ಡದು, ಹಲಗೆ ಉದ್ದ, ಕಿರಿದು. ಅದಕ್ಕಿಂತ ಹೆಚ್ಚಾಗಿ ಅವನು ಹಿಂದಿನ ಕೈಯಿಂದ ರೆಕ್ಕೆಯನ್ನು ಜಗ್ಗುತ್ತಿರಲಿಲ್ಲ. ಸುಮ್ಮನೆ ತೇಲುತ್ತಾ, ಬೀಸು ಬಂದಾಗ ಮಾತ್ರ ಎರಡು ಮೂರು ಸಲ ರೆಕ್ಕೆ ಬೀಸಿ, ಅದೇ ಲಯದಲ್ಲಿ ಕಾಲು ಒತ್ತಿ ಏಳುತ್ತಿದ್ದ. ಒಮ್ಮೆ ಎದ್ದರೆ ಆಯಿತು, ನಮ್ಮ ವೇಗವೇ ನಮಗೆ ಗಾಳಿ ಹುಟ್ಟಿಸುತ್ತೆ.

ವಾಪಸ್ ಬರುವಾಗ ದೊಡ್ಡ ಫಾಯಿಲ್ ಜೊತೆ ಎಲ್ಲವನ್ನೂ ಹೊತ್ತು ತಂದೆ. ಏಪ್ರಿಲ್‌ನಲ್ಲಿ ಭದ್ರಾ ಹಿನ್ನೀರು ನೋಡಿ ಬರೋಣ ಅಂತ ನರಸಿಂಹರಾಜಪುರಕ್ಕೆ ಹೊರಟಾಗ ಅಜ್ಜಿಯೂ ಕಾರು ಹತ್ತಿದಳು. ಅವಳಿಗೆ ಅದು ಇವತ್ತಿಗೂ ಎಡೇಹಳ್ಳಿ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದಾಗ ಅವಳ ತವರು ಮುಳುಗಿತು. ಆಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ.

ನೀರು ಇಳಿದಿತ್ತು. ಅಲ್ಲಲ್ಲಿ ಸತ್ತ ಮರಗಳ ಬೊಡ್ಡೆ. "ಅಗಾ, ಆ ಸಾಲು ಕಾಣ್ತದಲ್ಲ, ಅದು ನಮ್ಮ ಗದ್ದೆ ಅಂಚು. ಅದರಾಚೆ ಹಲಸಿನ ಮರ ಇತ್ತು, ಕಣ ಇತ್ತು" ಅಂದಳು. ನನಗೆ ಕಂಡದ್ದು ನೀರು ಮಾತ್ರ. ಕಾಣದ ಬೊಡ್ಡೆಗಳು ಇನ್ನೆಷ್ಟೋ! ಫಾಯಿಲ್ ಬಡಿದರೆ ನಾನು ಮುಂದಕ್ಕೆ ಹಾರಿ ಬೀಳುತ್ತೇನೆ. ಚೀಲ ಬಿಚ್ಚಲಿಲ್ಲ.

ಬೇಜಾರಿಗೆ ದಡದಲ್ಲೇ ರೆಕ್ಕೆಗೆ ಗಾಳಿ ತುಂಬಿದೆ. ಸಣ್ಣ ಗಾಳಿ, ಎತ್ತಿದರೆ ಬೀಳುತ್ತಿತ್ತು. "ಎಂತಕ್ಕೆ ಇಷ್ಟು ದೊಡ್ಡದು?" ಅಂದಳು ಅಜ್ಜಿ. ಗಾಳಿ ಕಮ್ಮಿ ಇದ್ದರೆ ದೊಡ್ಡದೇ ಬೇಕು ಅಂದೆ.

"ಕಣದಲ್ಲಿ ಭತ್ತ ತೂರುವಾಗ ಗಾಳಿ ಇಲ್ಲ ಅಂತ ದೊಡ್ಡ ಮೊರ ತರ್ತಿದ್ವಾ? ಮೊರ ಎತ್ತಿ ಹಿಡ್ಕೊಂಡು ಕಾಯ್ತಿದ್ವಪ್ಪ. ಬಂದಾಗ ಸುರಿಯೋದು."

ಮುದುಕ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವಾ?

ಕತ್ತಲಾಗುತ್ತೆ ಹೋಗೋಣ ಅಂದರೆ ಅಜ್ಜಿ ಏಳಲಿಲ್ಲ. "ಇನ್ನೊಂದು ಗಳಿಗೆ ಇರು" ಅಂದಳು. ಇದ್ದೆ.

ಬೊಡ್ಡೆ ಇಲ್ಲದ, ಬಿಡುವವರು ಇರುವ ನೀರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅಜ್ಜಿಯನ್ನೂ ಕರೆದುಕೊಂಡು ಬರ್ತೀನಿ :)