ಬೊಂಡದ ನೀರು

ಮದುವೆಯಾಗಿ ಕಾಪುವಿಗೆ ಬಂದ ಎರಡನೆಯ ವರ್ಷ, ನನ್ನ ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ಅತ್ತೆ ಸಮಾಧಾನದ ಮಾತೇನೂ ಆಡಲಿಲ್ಲ. ಬೊಂಡ ಕೆತ್ತಿಸಿ ತಂದು, "ಕುಡಿ ಮಗಾ" ಎಂದವರೇ ಅಂಗಳ ಗುಡಿಸಲು ಹೋದರು. ಬೆಳಿಗ್ಗೆ ಗುಡಿಸಿದ ಅಂಗಳವನ್ನೇ ಮತ್ತೆ! ನನಗೆ ಸಿಟ್ಟು ಬಂದಿತ್ತು.

ಆ ನೀರು ಏನೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮಣಿಪಾಲದಲ್ಲಿ ಪಿಯುಸಿ ಓದುತ್ತಿದ್ದ ಮಗಳಿಂದ. ಹೆಣ್ಣು ಹೂವಿನ ಮೇಲೆ ಬಿದ್ದ ಪರಾಗ ಸಣ್ಣ ನಳಿಕೆ ಚಾಚಿ ಎರಡು ಗಂಡುಕೋಶಗಳನ್ನು ಒಳಗೆ ಕಳಿಸುತ್ತದಂತೆ. ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಅಲ್ಲೇ ಇರುವ ಎರಡು ಕೋಶಕೇಂದ್ರಗಳನ್ನು ಸೇರಿ ಆ ಕೂಸಿನ ಆಹಾರವಾಗುತ್ತದೆ. 1898ರಲ್ಲಿ ಕೀವ್ ನಗರದ ನವಾಶಿನ್ ಎಂಬ ವಿಜ್ಞಾನಿ ಇದನ್ನು ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡ. ನಾವು ಕುಡಿಯುವ ಬೊಂಡದ ನೀರು, ಪದಾರ್ಥಕ್ಕೆ ಅರೆಯುವ ಕಾಯಿ, ಎರಡೂ ಕೂಸಿಗೆ ಕಟ್ಟಿಟ್ಟ ಬುತ್ತಿ! ಕೂಸು ಮಾತ್ರ ಮೆತ್ತನೆಯ ಕಣ್ಣಿನ ಕೆಳಗೆ ಬಟಾಣಿಯಷ್ಟು.

ತೆಂಗಿಗೆ ಕಣ್ಣು ಮೂರು, ಹೂವಿನ ಅಂಡಾಶಯದಲ್ಲಿ ಕೋಣೆಗಳೂ ಮೂರು. ಬೆಳೆಯುವುದು ಸಾಮಾನ್ಯವಾಗಿ ಒಂದೇ. ಮಿಡಿಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಉದುರುತ್ತವೆ, ಒಳ್ಳೆಯ ಮರದಲ್ಲೂ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಕಾಯಿ ಹೆರೆಯುತ್ತಿದ್ದವರು ತಲೆಯೆತ್ತಲಿಲ್ಲ.

"ಉದುರುವುದು ನನಗೆ ಗೊತ್ತಿಲ್ಲವಾ? ನಿನ್ನ ಕಣ್ಣಿಗೆ ಬೀಳಬಾರದೆಂದು ಆಗ ದಿನಕ್ಕೆರಡು ಸಲ ಗುಡಿಸುತ್ತಿದ್ದೆ" ಎಂದರು.