ಕೂತಲ್ಲೇ ಹೊರನಾಡು

ಹೈದರಾಬಾದಿನಲ್ಲಿ ಇದ್ದೇವೆ ಅಂದ ಕೂಡಲೇ ನಮ್ಮ ಮೈಸೂರು ಕಡೆ ನೆಂಟರು ಕೇಳುವುದು ಎರಡೇ ಪ್ರಶ್ನೆ. ಚಾರ್‌ಮಿನಾರ್ ಎಷ್ಟು ದೂರ? ಅಲ್ಲಿ ಬರೀ ಬಿರಿಯಾನಿನೇನಾ, ಇಲ್ಲ ನಮ್ಮಂಥ ಸೊಪ್ಪು-ಸಾರಿನವರಿಗೂ ಏನಾದರೂ ಸಿಗುತ್ತಾ? ಹದಿನೆಂಟು ವರ್ಷದಲ್ಲಿ ಎಷ್ಟು ಜನರನ್ನು ಊರು ತೋರಿಸಲು ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಗೋಲ್ಕೊಂಡದ ಬಾಗಿಲಲ್ಲಿ ಚಪ್ಪಾಳೆ, ಹುಸೇನ್ ಸಾಗರದ ನಡುವೆ ನಿಂತ ಬುದ್ಧ, ಕೊನೆಗೆ ಮುತ್ತಿನ ಸರದ ಅಂಗಡಿ. ಬಾಯಿಪಾಠವಾಗಿದೆ.

2019ರ ಡಿಸೆಂಬರಿನಲ್ಲಿ ಮಾವನವರು ಬಂದಾಗ ಮಾತ್ರ ಈ ಬಾಯಿಪಾಠ ಉಪಯೋಗಕ್ಕೆ ಬರಲಿಲ್ಲ. ಅವರು ಬೀದರಿನವರು, ಆಗ ಎಂಬತ್ತೊಂದು ವರ್ಷ. ಮಂಡಿನೋವು ಬಿಟ್ಟರೆ ಗಟ್ಟಿ ಆಳು. ಮನೆಯಲ್ಲಿ ಆಗ ಒಂದೇ ಚರ್ಚೆ ನಡೆಯುತ್ತಿತ್ತು: ಇಲ್ಲೇ ಫ್ಲ್ಯಾಟ್ ಕೊಳ್ಳುವುದಾ, ಮೈಸೂರಿಗೆ ವಾಪಸ್ ಹೋಗುವುದಾ? ನನಗೆ ಮೈಸೂರು ಅಂದರೆ ಪ್ರಾಣ. ಯಜಮಾನರಿಗೆ ಇಲ್ಲಿನ ಕೆಲಸ. ಇಲ್ಲೇ ಹುಟ್ಟಿ, ಸ್ಕೂಲಿನಲ್ಲಿ ತೆಲುಗು ಓದುತ್ತಿದ್ದ ಮಗನಿಗೆ ಈ ಚರ್ಚೆಯೇ ಅರ್ಥವಾಗುತ್ತಿರಲಿಲ್ಲ. ಮಾವ ಎಲ್ಲ ಕೇಳಿಸಿಕೊಂಡು, "ಮೊದಲ ನಾಳಿ ನನಗ ಊರು ತೋರಿಸ್ರಿ, ಆಮ್ಯಾಲ ಮಾತಾಡೋಣು" ಅಂದರು. ಮಾರನೆಯ ದಿನ ಭಾನುವಾರ. ಯಜಮಾನರು ಪುಣೆಗೆ ಹೋಗಿದ್ದರು. ನಾವು ಮೂವರೇ ಹೊರಟೆವು.

ಚಾರ್‌ಮಿನಾರ್ ಮುಂದೆ ಇಳಿದಾಗ ಇನ್ನೂ ಒಂಬತ್ತು ಗಂಟೆ. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಶಾ ಕಟ್ಟಿಸಿದ್ದು ಅಂತ ನಾನು ಗೈಡಿನ ಹಾಗೆ ಶುರು ಮಾಡಿದೆ. ಮಾವ ತಲೆ ಆಡಿಸಿ, "ಕುತುಬ್ ಶಾಹಿಗಳ ಮೂಲಪುರುಷ ಸುಲ್ತಾನ್ ಕುಲಿ ನಮ್ಮ ಬೀದರಿನ ಬಹಮನಿ ಸುಲ್ತಾನರ ಕೈಕೆಳಗ ಇದ್ದವ. ಆವಾಗ ರಾಜಧಾನಿ ನಮ್ದು, ಗೋಲ್ಕೊಂಡ ನಮ್ಮ ಸುಬೇದಾರಿ" ಅಂದರು. ಹೇಳುವಾಗ ಮೀಸೆಯಡಿ ಸಣ್ಣ ನಗು!

ಪಕ್ಕದ ನಿಮ್ರಾ ಹೋಟೆಲಿನಲ್ಲಿ ಇರಾನಿ ಚಹಾ. ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ದಮ್ ಕೊಟ್ಟು, ಹಾಲನ್ನು ಬೇರೆಯಾಗಿ ಗಟ್ಟಿ ಬರುವ ತನಕ ಕಾಯಿಸಿ, ಕಪ್ಪಿನಲ್ಲಿ ಎರಡನ್ನೂ ಸೇರಿಸುತ್ತಾರೆ. ಜೊತೆಗೆ ಉಪ್ಪು-ಸಿಹಿ ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತು. ಕಾಫಿಯವಳಾದ ನಾನೂ ಇದೊಂದಕ್ಕೆ ಸೋತಿದ್ದೇನೆ. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಮಾವನವರ ಟೋಪಿ-ಧೋತರ ನೋಡಿ, "ಕಹಾಂ ಸೇ ಆಯೇ?" ಅಂತ ಕೇಳಿದರು. "ಬೀದರ್ ಸೇ" ಅಂದರು ಮಾವ. "ಬೀದರ್? ಫಿರ್ ತೋ ಅಪ್ನೇಚ್ ಹೈಂ!" ಆಮೇಲೆ ಇಬ್ಬರೂ ದಖನಿಯಲ್ಲಿ ಶುರುಹಚ್ಚಿಕೊಂಡರು ನೋಡಿ, ನನ್ನ ಹದಿನೆಂಟು ವರ್ಷದ ಹಿಂದಿ ಮೂಲೆ ಸೇರಿತು. ಪತ್ಥರ್‌ಗಟ್ಟಿಯ ಬೀದಿಯಲ್ಲಿ ನಡೆಯುವಾಗ ಮಾವ ಅಂಗಡಿಗಳ ಉರ್ದು ಬೋರ್ಡುಗಳನ್ನು ಒಂದೊಂದಾಗಿ ಓದುತ್ತಾ ಬಂದರು. ನಿಜಾಮರ ಕಾಲದಲ್ಲಿ ಬೀದರಿನ ಶಾಲೆಯಲ್ಲಿ ಅವರು ಮೊದಲು ತಿದ್ದಿದ್ದು ಅಲಿಫ್, ಬೇ. ಅ, ಆ ಕಲಿತದ್ದು ಮನೆಯಲ್ಲಿ, ತಾಯಿಯ ಹತ್ತಿರ.

ಅಲ್ಲಿಂದ ಸಾಲಾರ್‌ಜಂಗ್ ಮ್ಯೂಸಿಯಂ. ಎಲ್ಲರೂ ಓಡುವುದು ಅಲ್ಲಿನ ಸಂಗೀತ ಗಡಿಯಾರದ ಮುಂದೆ. ಹನ್ನೆರಡು ಗಂಟೆಗೆ ಪುಟ್ಟ ಗಡ್ಡದ ಗೊಂಬೆ ಹೊರಗೆ ಬಂದು ಹನ್ನೆರಡು ಸಲ ಗಂಟೆ ಬಾರಿಸುವುದನ್ನು ನೋಡಲು ಜಾತ್ರೆಯೇ ಸೇರುತ್ತದೆ. ಮಗನನ್ನು ಅಲ್ಲಿ ಕೂರಿಸಿ, ಮಾವ ನನ್ನನ್ನು ಬಿದ್ರಿ ಸಾಮಾನುಗಳ ಕೋಣೆಗೆ ಕರೆದುಕೊಂಡು ಹೋದರು. ಹುಕ್ಕಾ ಬುರುಡೆ, ಪಾನ್‌ದಾನಿ, ಹೂಜಿ. ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ್ದು. ಆ ಮಣ್ಣು ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಾವ ಇದನ್ನೆಲ್ಲ ವಿದ್ಯಾರ್ಥಿಯಾಗಿದ್ದಾಗಲೇ ನೋಡಿದ್ದರಂತೆ. ಆಗ ಮ್ಯೂಸಿಯಂ ಇದ್ದದ್ದು ಸಾಲಾರ್‌ಜಂಗರ ಹಳೆಯ ಮನೆ ದಿವಾನ್ ದೇವಡಿಯಲ್ಲಿ. ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಊಟಕ್ಕೆ ಬಗಾರಾ ಅನ್ನ, ಮಿರ್ಚಿ ಕಾ ಸಾಲನ್, ಮೇಲೆ ಡಬಲ್ ಕಾ ಮೀಠಾ. ಸೊಪ್ಪು-ಸಾರಿನವರು ಗಮನಿಸಿ: ಉಪವಾಸ ಬೀಳುವುದಿಲ್ಲ!

ಊಟವಾದ ಮೇಲೆ ನಯಾಪುಲ್ ಸೇತುವೆ ಮೇಲೆ ನಿಂತೆವು. ಕೆಳಗೆ ಮೂಸಿ ನದಿ. ಮಗ ಮೂಗು ಮುಚ್ಚಿಕೊಂಡ. ಮಾವ ಆಚೆ ದಡದ ಉಸ್ಮಾನಿಯಾ ಆಸ್ಪತ್ರೆ ತೋರಿಸಿದರು. 1908ರ ಸೆಪ್ಟೆಂಬರ್ 28ರಂದು ಇದೇ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಆ ಆವರಣದ ಹುಣಸೆಮರ ಹತ್ತಿ ಕೂತ ಸುಮಾರು ನೂರೈವತ್ತು ಜನ ಬದುಕಿದರು. "ಆಮ್ಯಾಲ ನಿಜಾಮರು ಕರೆಸಿದ್ದು ಯಾರನ್ನ ಹೇಳು? ನಿಮ್ಮ ಮೈಸೂರು ಸೀಮಿಯವರನ್ನೇ ಅವ್ವಾ!" ನಿಜ. 1909ರಲ್ಲಿ ಬಂದವರು ವಿಶ್ವೇಶ್ವರಯ್ಯ. ಮೈಸೂರಿನ ದಿವಾನರಾಗುವುದಕ್ಕೆ ಮೂರು ವರ್ಷ ಮೊದಲು. ಊರಿನ ಮೇಲ್ಗಡೆಯೇ ನೀರನ್ನು ತಡೆದು ನಿಲ್ಲಿಸಬೇಕು ಅನ್ನುವುದು ಅವರ ಯೋಜನೆ. ಹಾಗಾಗಿ ಮೂಸಿಗೆ ಉಸ್ಮಾನ್ ಸಾಗರ (1920), ಅದನ್ನು ಸೇರುವ ಈಸಿ ನದಿಗೆ ಹಿಮಾಯತ್ ಸಾಗರ (1927) ಬಂದವು. ಪ್ರವಾಹ ತಡೆಯಲು ಕಟ್ಟಿದ ಈ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಕನ್ನಂಬಾಡಿ ಹೆಸರು ಹೇಳಿಕೊಂಡು ಬೆಳೆದ ನಾನು ಗಂಡಿಪೇಟೆಯ ಆ ಉಸ್ಮಾನ್ ಸಾಗರಕ್ಕೆ ಎಷ್ಟು ಸಲ ಪಿಕ್‌ನಿಕ್ ಹೋಗಿದ್ದೆ! ಅದೂ ನಮ್ಮವರ ಲೆಕ್ಕದ್ದೇ ಅಂತ ಯಾರೂ ಹೇಳಿರಲಿಲ್ಲ.

ಕೊನೆಗೆ ಆಟೋ ಹಿಡಿದು ಕಾಚಿಗುಡಕ್ಕೆ. ಇಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಶಾಲೆಯಿದೆ. ಬೋರ್ಡಿನ ಕನ್ನಡ ಅಕ್ಷರ ಕಂಡರೆ ನನಗೆ ಈಗಲೂ ಎದೆ ತಂಪಾಗುತ್ತದೆ. ಮಾವ 1955ರಲ್ಲಿ ಕಾಲೇಜಿಗೆಂದು ಬಂದು ಈ ಸುತ್ತಿನಲ್ಲೇ ಎಲ್ಲೋ ಒಂದು ಕೋಣೆ ಹಿಡಿದಿದ್ದರು. ಅರ್ಧ ಗಂಟೆ ಹುಡುಕಿದರೂ ಆ ಮನೆ ಸಿಗಲಿಲ್ಲ. ಅಪಾರ್ಟ್‌ಮೆಂಟುಗಳು ಎದ್ದಿವೆ. ಸ್ಟೇಷನ್ನಿನ ಎದುರು ಕಟ್ಟೆಯೊಂದರ ಮೇಲೆ ಕೂತೆವು. ಆಗ ಮಗ ಕೇಳಿದ, "ಮುತ್ಯಾ, ನೀವು ಈ ಊರಿನವರಾ, ಆ ಊರಿನವರಾ?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ನಿಜಾಮರ ರಾಜ್ಯದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ. ಬೀದರ್, ಗುಲ್ಬರ್ಗಾ, ರಾಯಚೂರಿನವರಿಗೆ ಕಚೇರಿ, ಕಾಲೇಜು, ಕೋರ್ಟು, ದವಾಖಾನೆ ಎಲ್ಲದಕ್ಕೂ ಹೈದರಾಬಾದೇ. 1956ರ ನವೆಂಬರ್ 1ರಂದು ಆ ಮೂರೂ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದವು. "ಅವತ್ತು ಪೇಡೆ ಹಂಚಿದ್ವಿ. ಕನ್ನಡದವರೆಲ್ಲ ಒಂದಾದ್ವಿ ಅಂತ ಕುಣದಾಡಿದ್ವಿ. ರಾತ್ರಿ ಕೋಣ್ಯಾಗ ಮಲಗಿದಾಗ ಹೊಳೀತು ನೋಡು, ನಾ ಈಗ ಪರರಾಜ್ಯದಾಗ ಇದ್ದೀನಿ ಅಂತ. ನಾ ಎಲ್ಲೂ ಹೋಗಿರಲಿಲ್ಲಪ್ಪ. ಕೂತಲ್ಲೇ ಕೂತಿದ್ದೆ, ರಾಜ್ಯ ಎದ್ದು ಹೋಯ್ತು."

ನಾವು ಹಳೇ ಮೈಸೂರಿನವರು ಏಕೀಕರಣವನ್ನು ಪಾಠದಲ್ಲಿ ಓದಿ, ನವೆಂಬರಿನಲ್ಲಿ ಬಾವುಟ ಹಾರಿಸುತ್ತೇವೆ. ನಮ್ಮ ರಾಜಧಾನಿ ಇದ್ದಲ್ಲೇ ಇತ್ತು. ಬೀದರಿನವರ ಲೆಕ್ಕವೇ ಬೇರೆ. ನೂರೈವತ್ತು ಕಿಲೋಮೀಟರಿನೊಳಗೆ ಇದ್ದ ರಾಜಧಾನಿ ಏಳುನೂರು ಕಿಲೋಮೀಟರ್ ಹತ್ತಿರ ಹೋಯಿತು. ಭಾಷೆ ಮನೆಗೆ ಬಂತು, ಊರು ದೂರವಾಯಿತು. ಎರಡೂ ನಿಜ. ಇಂದಿಗೂ ಬೀದರಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಗಾಡಿ ಹೊರಡುವುದು ಹೈದರಾಬಾದಿನ ಕಡೆಗೇ. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ನಮ್ಮ ಪಕ್ಕದ ಮನೆಯ ವಿಜಯವಾಡದ ಆಂಟಿ, "ನಾವು ಇಲ್ಲೇ ಇರಬಹುದಾ?" ಅಂತ ಗಾಬರಿಯಿಂದ ಕೇಳಿದ್ದರು. ಅವತ್ತು ನನಗೆ ನಗು ಬಂದಿತ್ತು. ಮಾವನ ಮಾತು ಕೇಳಿದ ಮೇಲೆ ಆ ಗಾಬರಿಯ ತೂಕ ಗೊತ್ತಾಯಿತು.

ಫ್ಲ್ಯಾಟಿನ ಬಗ್ಗೆ ಮಾವ ಅವತ್ತು ಏನೂ ಹೇಳಲಿಲ್ಲ. ಮಾರನೆಯ ದಿನ ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಬೀದರ್ ಬಸ್ ಹತ್ತುವಾಗ ಮಾತ್ರ, "ಎಲ್ಲಿ ಮನಿ ಮಾಡಿದ್ರೂ ಮಾಡ್ರಿ, ಹುಡುಗಗ ಕನ್ನಡ ಓದಕ್ಕ ಕಲಿಸು. ರಾಜ್ಯ ಏಳ್ತಾವ, ಕೂಡ್ತಾವ. ಅಕ್ಷರ ಕೈಯಾಗಿರಲಿ" ಅಂದರು.

2021ರಲ್ಲಿ ಮಾವ ತೀರಿಕೊಂಡರು. ನಾವು ಇಲ್ಲೇ ಮನೆ ಕೊಂಡೆವು. ಮಗ ಈಗ ಕನ್ನಡ ಓದುತ್ತಾನೆ, ಒತ್ತಕ್ಷರ ಬಂದಾಗ ಮಾತ್ರ ತುಸು ನಿಧಾನ. ತೆಲುಗು ಗೊತ್ತಿದ್ದುದರಿಂದ ಅರ್ಧ ಅಕ್ಷರಗಳು ಪುಕ್ಕಟೆ ಬಂದವು ಅಂತ ಅವನ ಲೆಕ್ಕ. ನೀವು ಯಾವತ್ತಾದರೂ ಈ ಊರಿಗೆ ಬಂದರೆ ಚಾರ್‌ಮಿನಾರ್, ಮುತ್ತು ಎಲ್ಲ ನೋಡಿ. ಹಾಗೆಯೇ ಬಿದ್ರಿ ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲಿ. ಆ ಕಪ್ಪು ನಮ್ಮ ಮಣ್ಣಿನದು.