ದಾರಿಗೆ ತಕ್ಕ ಟಯರು

ಕಾಲಿಗೆ ತಕ್ಕ ಮೆಟ್ಟು ಇರುವಂತೆ ದಾರಿಗೆ ತಕ್ಕ ಟಯರು ಇರತಕ್ಕದ್ದು. ಎತ್ತರಿಸಿದ ನಮ್ಮ ಜೀಪು ರಬಕವಿ-ಬನಹಟ್ಟಿಯಿಂದ ಜಮಖಂಡಿ, ಮುಧೋಳಗಳಿಗೆ ಹೆಚ್ಚಾಗಿ ಡಾಂಬರು ದಾರಿಯಲ್ಲಿಯೇ ಓಡುವುದು. ಬೀಳಗಿಯ ಕಡೆಯ ಕಲ್ಲುದಾರಿಯನ್ನೂ ಕಬ್ಬಿನ ಹೊಲದ ಬಂಡಿಜಾಡನ್ನೂ ಆಗಾಗ ತುಳಿಯುವುದು. ಹಳೆಯ ಟಯರುಗಳು ಸವೆದಾಗ ಮನೆಯ ತರುಣರು ಆಳವಾದ ಹಲ್ಲುಗಳುಳ್ಳ ‘ಮಡ್ ಟೆರೇನ್’ ಟಯರನ್ನೇ ಬಯಸಿದರು. ನೋಟಕ್ಕೆ ಅದು ಗಂಭೀರವೇ ಸರಿ. ಆದರೆ ಡಾಂಬರಿನ ಮೇಲೆ ಗದ್ದಲ ಮಾಡುತ್ತದೆ, ಬೇಗನೆ ಸವೆಯುತ್ತದೆ. ತೊಯ್ದ ಡಾಂಬರಿನಲ್ಲಿ ಅದರ ಹಿಡಿತವೂ ಕಡಿಮೆ. ಇನ್ನು ನಮ್ಮ ಎರೆಮಣ್ಣು ಮಳೆಗೆ ನೆನೆಯಿತೆಂದರೆ ಅಂಥ ಹಲ್ಲುಗಳ ಸಂದಿಯನ್ನೂ ತುಂಬಿಬಿಡುತ್ತದೆ. ಆ ದಿನ ಹೊಲಕ್ಕೆ ಗಾಡಿ ಇಳಿಸದಿರುವುದೇ ಜಾಣತನ.

ಎತ್ತರಿಸಿದ ಗಾಡಿಯ ಭಾರಕೇಂದ್ರವು ಮೇಲಿರುವುದರಿಂದ ತಿರುವಿನಲ್ಲಿ ವಾಲುವ ಭಯವು ಮೊದಲೇ ಉಂಟು. ಅದಕ್ಕೆ ಮತ್ತಷ್ಟು ದೊಡ್ಡ ಟಯರು ಹಾಕಿದರೆ ಗಾಡಿಯು ನಿಲ್ಲುವುದು ತಡವಾಗುತ್ತದೆ. ವೇಗಮಾಪಕವು ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಒಳಗೆ ಕುಳಿತವರು ನಮ್ಮ ಹೆಂಗಸರು ಮಕ್ಕಳಲ್ಲವೆ? ಆದಕಾರಣ ಗಾಡಿ ತಯಾರಿಸಿದವರು ಹೇಳಿದ ಅಳತೆಯಲ್ಲಿಯೇ, ಎರಡೂ ದಾರಿಗೆ ಒಗ್ಗುವ ‘ಆಲ್ ಟೆರೇನ್’ ಟಯರುಗಳನ್ನು ನಾವು ಆರಿಸಿದೆವು.

ಕೊಳ್ಳುವಾಗ ಟಯರಿನ ಬದಿಯ ನಾಲ್ಕು ಅಂಕಿಗಳನ್ನು ನೋಡಬೇಕು: 2325 ಎಂದಿದ್ದರೆ 2025ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಹಲ್ಲಿನ ಆಳವು 1.6 ಮಿ.ಮೀ.ಗೆ ಇಳಿಯುವ ಮೊದಲೇ ಟಯರನ್ನು ಬದಲಿಸುವುದು ಮನೆಮಂದಿಯ ಕ್ಷೇಮಕ್ಕೆ ಒಳ್ಳೆಯದು.